ಹೀ-ಮ್ಯಾನ್ ಅವಸರದಲ್ಲಿ ಓಡುವುದೇಕೆ?

ಸಂಪಾದಕರಿಗೆ,

ಎಂಬತ್ತು, ತೊಂಬತ್ತರ ದಶಕದ ಸಾಹಸ ಕಾರ್ಟೂನೊಂದು ಹೊಸ ವೇಷದಲ್ಲಿ ಬಂದಾಗಲೆಲ್ಲ ‘ಹಳೇದರ ಮುಂದೆ ಇದ್ಯಾವ ಲೆಕ್ಕ’ ಎಂದು ಒಂದು ಗುಂಪು ಹೇಳುತ್ತದೆ. ‘ಹಳೇದನ್ನು ಈಗ ನೋಡಿದರೆ ನಗು ಬರುತ್ತೆ’ ಎನ್ನುವ ಗುಂಪೂ ಉಂಟು. ಇಬ್ಬರಿಗೂ ನಮ್ಮದು ಒಂದೇ ಪ್ರಶ್ನೆ: ಈಗ ನೀವು ನೋಡುತ್ತಿರುವ ಹಳೇದು, ಅಂದು ಬಿಡಿಸಿದ ಹಾಗೇ ಇದೆಯೇ?

ಹೀ-ಮ್ಯಾನ್ ಉದಾಹರಣೆಯನ್ನೇ ನೋಡಿ. ಅಮೆರಿಕದ ಫಿಲ್ಮೇಷನ್ ಸ್ಟುಡಿಯೊ 1983ರ ಸೆಪ್ಟೆಂಬರ್‌ನಲ್ಲಿ ಇದನ್ನು ತೆರೆಗೆ ತಂದಿತು. ವಾರಕ್ಕೆ ಐದು ದಿನದಂತೆ 13 ವಾರ ತುಂಬಬೇಕು, ಹಾಗಾಗಿ ಮೊದಲ ಸುತ್ತಿಗೇ 65 ಕತೆ. ಕೊನೆಗೆ ಒಟ್ಟು 130. ಅಷ್ಟನ್ನೂ ಹೊರದೇಶಕ್ಕೆ ಕಳಿಸದೆ ಅಲ್ಲೇ ಬಿಡಿಸಿದರು. ಹೀಗಾಗಿ ಓಟ, ಗುದ್ದು, ಖಡ್ಗ ಎತ್ತುವ ದೃಶ್ಯಗಳನ್ನು ಒಮ್ಮೆ ಚೆನ್ನಾಗಿ ಬರೆದಿಟ್ಟುಕೊಂಡು, ಹಿನ್ನೆಲೆ ಬದಲಿಸಿ ನೂರಾರು ಸಲ ಬಳಸಿದರು. ನಗುವವರು ನಗುವುದು ಇದಕ್ಕೇ. ಆದರೆ ನಿಜವಾದ ಮನುಷ್ಯರ ಚಲನೆಯನ್ನು ಚಿತ್ರೀಕರಿಸಿ, ಅದರ ಮೇಲೆ ಗೆರೆ ಎಳೆದು ತೆಗೆದ ಆ ಓಟದಲ್ಲಿ ಮೈಯ ಭಾರ ಕಾಣುತ್ತದೆ. ಅದು ಸೋಮಾರಿತನವಲ್ಲ, ಲೆಕ್ಕಾಚಾರ.

ಈ ಕಂಪನಿ 1989ರಲ್ಲಿ ಮುಚ್ಚಿತು. ಅದರ ಸಂಗ್ರಹ ಕೈಯಿಂದ ಕೈಗೆ ಹೋಗುವಾಗ ಚಿತ್ರಗಳನ್ನು ಪಾಲ್ ಎಂಬ ಟಿ.ವಿ. ಪದ್ಧತಿಯ ಡಿಜಿಟಲ್ ಟೇಪಿಗೆ ಇಳಿಸಿದರು. ಹೆಚ್ಚಿನ ಸರಣಿಗಳ ಮೂಲ ಫಿಲ್ಮ್ ಉಳಿಯಲಿಲ್ಲ. ಫಿಲ್ಮ್ ಓಡುವುದು ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್), ಪಾಲ್ ಓಡುವುದು 25. ಅಂದರೆ ಶೇ 4ರಷ್ಟು ಅವಸರ. 22 ನಿಮಿಷದ ಕತೆ ಸುಮಾರು 53 ಸೆಕೆಂಡ್ ಮೊದಲೇ ಮುಗಿಯುತ್ತದೆ. ಧ್ವನಿಯನ್ನು ಬೇರೆಯಾಗಿ ಸರಿಪಡಿಸದಿದ್ದರೆ ಅದೂ ಏರುತ್ತದೆ: ಹಾರ್ಮೋನಿಯಂನ ಒಂದು ಬಿಳಿ ಮನೆಯಿಂದ ಪಕ್ಕದ ಕಪ್ಪು ಮನೆಗೆ ಇರುವ ಅಂತರದ ಮುಕ್ಕಾಲು ಭಾಗದಷ್ಟು. ಗಡಸು ಗಂಟಲು ತುಸು ಎಳಸಾಗಿ ಕೇಳುತ್ತದೆ, ಹಾಸ್ಯದ ನಡುವಿನ ಬಿಡುವು ಸವೆಯುತ್ತದೆ. (ನಮ್ಮ ದೂರದರ್ಶನವೂ ಪಾಲ್ ಪದ್ಧತಿಯದೇ. ಸಿನಿಮಾಗಳು ಅದರಲ್ಲಿ ಓಡಿದ್ದೂ ಹೀಗೆಯೇ. ನಮ್ಮ ಕೆಲವು ನೆನಪುಗಳೂ ಶೇ 4ರಷ್ಟು ವೇಗವಾಗಿವೆ ಎನ್ನಿ.)

ಇದಕ್ಕಿಂತ ದೊಡ್ಡ ಕೇಡು ಆಗುವುದು ‘ಶುಚಿ ಮಾಡಿದ್ದೇವೆ’ ಎನ್ನುವಲ್ಲಿ. ಧೂಳು ತೆಗೆಯುವ ತಂತ್ರಾಂಶ ಅಕ್ಕಪಕ್ಕದ ಚೌಕಟ್ಟುಗಳನ್ನು ಹೋಲಿಸಿ ನೋಡುತ್ತದೆ. ಹಿಂದಿನದರಲ್ಲೂ ಇಲ್ಲದ, ಮುಂದಿನದರಲ್ಲೂ ಇಲ್ಲದ, ನಡುವಿನ ಒಂದರಲ್ಲಿ ಮಾತ್ರ ಇರುವ ಚುಕ್ಕೆ ಅಥವಾ ಗೀರನ್ನು ಕಸವೆಂದು ಎಣಿಸಿ ಅಳಿಸುತ್ತದೆ. ಮಾತುಕತೆಯ ಕಾರ್ಟೂನಿಗೆ ಇದರಿಂದ ಅಷ್ಟೇನೂ ನಷ್ಟವಿಲ್ಲ. ಸಾಹಸ ಕಾರ್ಟೂನಿನ ಜೀವ ಇರುವುದೇ ಅಂಥ ಕ್ಷಣಿಕ ಗೆರೆಗಳಲ್ಲಿ: ಕತ್ತಿಗೆ ಕತ್ತಿ ತಾಗಿದ ಕಿಡಿ, ಗುದ್ದು ಬಿದ್ದಾಗಿನ ಬಿಳಿ ಮಿಂಚು, ಕೈ ಬೀಸಿದ ವೇಗಕ್ಕೆ ಉದ್ದಕ್ಕೆ ಎಳೆದ ಬಣ್ಣ. ಇವು ಒಂದೋ ಎರಡೋ ಚೌಕಟ್ಟಿಗಷ್ಟೇ ಬದುಕುವಂಥವು. ಅವನ್ನು ಒರೆಸಿದ ಮೇಲೆ ಹೊಡೆತ ಬೀಳುತ್ತದೆ, ಪೆಟ್ಟು ತಾಗುವುದಿಲ್ಲ. ಕೃತಕ ಬುದ್ಧಿಮತ್ತೆಯಿಂದ ಹಿಗ್ಗಿಸಿದ ಪ್ರತಿಗಳದು ಇನ್ನೊಂದು ಪಾಡು: ಪೆನ್ಸಿಲ್ ಗೆರೆ ಕರಗಿದ ಪ್ಲಾಸ್ಟಿಕ್ಕಿನಂತಾಗುತ್ತದೆ.

ಆಮೇಲೆ ಕತ್ತರಿ. ಹಳೆಯ ಚಿತ್ರದ ಅಗಲ-ಎತ್ತರದ ಅಳತೆ 4:3, ಇಂದಿನ ಟಿ.ವಿ.ಯದು 16:9. ಅಗಲ ಪೂರ್ತಿ ತುಂಬಿಸಬೇಕೆಂದು ಮೇಲೆ ಕೆಳಗೆ ಕೊಯ್ದರೆ ಎತ್ತರದ ಕಾಲು ಭಾಗ ಹೋಗುತ್ತದೆ. ಕೊಯ್ಯದೆ ಎಳೆದರೆ ಮುಖಗಳು ಮೂರನೇ ಒಂದರಷ್ಟು ಅಗಲವಾಗುತ್ತವೆ. ಜಪಾನಿನ ಡ್ರಾಗನ್ ಬಾಲ್ ಝಡ್ (1989–96, 291 ಕಂತು) 16 ಮಿ.ಮೀ. ಫಿಲ್ಮಿನಲ್ಲಿ ತೆಗೆದದ್ದು. 2007ರಲ್ಲಿ ಅಮೆರಿಕದಲ್ಲಿ ಬಂದ ‘ರೀಮಾಸ್ಟರ್’ ಡಿವಿಡಿಗಳು ಇದಕ್ಕೆ ಕತ್ತರಿ ಹಾಕಿ ನಾಯಕ ಗೋಕುವಿನ ಜುಟ್ಟನ್ನೇ ಹಾರಿಸಿದವು. 2011ರಲ್ಲಿ ಒಂದೊಂದು ಚೌಕಟ್ಟನ್ನೂ ಕೈಯಾರೆ ಸರಿಪಡಿಸಿ, ಪೂರ್ಣ 4:3 ಬ್ಲೂ-ರೇ ಹೊರಡಿಸಲು ಶುರುಮಾಡಿದರು. ಖರ್ಚು ತಾಳಲಾರದೆ ಮರುವರ್ಷವೇ ನಿಲ್ಲಿಸಿದರು. ಮುಂದೆ ಬಂದದ್ದು ಮತ್ತೆ ಕೊಯ್ದದ್ದೇ. ಪೂರ್ತಿ ಚಿತ್ರವಿದ್ದೂ ಕೊಯ್ದು ಮಾರುವುದಕ್ಕೆ ‘ಹಳೆಯ ಟಿ.ವಿ.ಯಂತೆ ಎರಡು ಬದಿ ಕಪ್ಪು ಪಟ್ಟಿ ಕಂಡರೆ ಜನ ಬೈಯುತ್ತಾರೆ’ ಎಂಬ ಭಯವನ್ನು ಬಿಟ್ಟರೆ ಬೇರೆ ಕಾರಣ ನಮಗೆ ಕಾಣದು.

ನಿಮ್ಮಲ್ಲಿರುವ ಪ್ರತಿ ಹೇಗಿದೆ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಮೊದಲು ಟಿ.ವಿ. ಸೆಟ್ಟಿಂಗ್‌ನಲ್ಲಿ ಚಿತ್ರದ ಗಾತ್ರವನ್ನು 4:3 ಅಥವಾ ‘ಒರಿಜಿನಲ್’ಗೆ ಇಡಿ. ಮೋಷನ್ ಸ್ಮೂದಿಂಗ್, ನಾಯ್ಸ್ ರಿಡಕ್ಷನ್ ಎರಡನ್ನೂ ಆಫ್ ಮಾಡಿ. ಶಾರ್ಪ್‌ನೆಸ್ ಇಳಿಸಿ, ಇಲ್ಲದಿದ್ದರೆ ಪ್ರತಿ ಗೆರೆಗೂ ಬಿಳಿ ಅಂಚು ಹುಟ್ಟುತ್ತದೆ. ಮೋಷನ್ ಸ್ಮೂದಿಂಗ್ ಬೇಡವೆನ್ನಲು ಕಾರಣವಿದೆ. ಕೈಯಲ್ಲಿ ಬಿಡಿಸಿದ ಒಂದು ಚಿತ್ರವನ್ನು ಸಾಮಾನ್ಯವಾಗಿ ಎರಡು ಚೌಕಟ್ಟಿನಷ್ಟು ಹೊತ್ತು ನಿಲ್ಲಿಸುತ್ತಾರೆ, ಸೆಕೆಂಡಿಗೆ 12 ಚಿತ್ರ. ನಡುವೆ ಇಲ್ಲದ ಚಿತ್ರವನ್ನು ಟಿ.ವಿ. ಊಹಿಸಿ ತುಂಬಲು ಹೋದರೆ ಗೆರೆ ರಬ್ಬರಿನಂತೆ ಅಲುಗುತ್ತದೆ.

ಕಂಪ್ಯೂಟರಿನಲ್ಲಿ ವಿಡಿಯೊ ನೋಡುವ ವಿಎಲ್‌ಸಿ ತಂತ್ರಾಂಶ ಇದ್ದರೆ ಕಂಟ್ರೋಲ್ ಮತ್ತು ‘ಜೆ’ ಒತ್ತಿ, ಚೌಕಟ್ಟಿನ ವೇಗ ನೋಡಿ. 25 ಎಂದಿದ್ದರೆ ಅವಸರದ ಪ್ರತಿ ಎಂಬ ಅನುಮಾನ ಬರಲಿ; ಶೀರ್ಷಿಕೆ ಗೀತೆಯನ್ನು ಬೇರೆ ಪ್ರತಿಯ ಜೊತೆ ಗಡಿಯಾರ ಹಿಡಿದು ಹೋಲಿಸಿದರೆ ಖಾತ್ರಿಯಾಗುತ್ತದೆ. ವೇಗವನ್ನು 0.96ಕ್ಕೆ ಇಳಿಸಿದರೆ ಓಟ ಸರಿಹೋಗುತ್ತದೆ. ಆದರೆ ಆಡಿಯೊ ವಿಭಾಗದಲ್ಲಿ ‘ಟೈಮ್ ಸ್ಟ್ರೆಚಿಂಗ್’ ಆಯ್ಕೆಯನ್ನು ತೆಗೆಯದಿದ್ದರೆ ಶ್ರುತಿ ಇಳಿಯುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. 29.97 (ಅಮೆರಿಕದ ಟಿ.ವಿ. ವೇಗ) ಎಂದಿದ್ದರೆ ‘ಡಿ’ ಒತ್ತಿ ಡಿಇಂಟರ್‌ಲೇಸ್ (ಸೀಳು ಗೆರೆಗಳನ್ನು ಮರೆಮಾಡುವ ಕೆಲಸ) ನಿಲ್ಲಿಸಿ, ‘ಇ’ ಒತ್ತುತ್ತ ಒಂದೊಂದೇ ಚೌಕಟ್ಟು ಮುಂದಕ್ಕೆ ಹೋಗಿ. ಐದರಲ್ಲಿ ಮೂರು ಸ್ವಚ್ಛ, ಎರಡು ಬಾಚಣಿಗೆ ಹಲ್ಲಿನಂತೆ ಸೀಳಿದ್ದರೆ ಗಾಬರಿ ಬೇಡ, ಮೂಲ 24 ಚೌಕಟ್ಟು ಒಳಗೇ ಇದೆ. ಇನ್ವರ್ಸ್ ಟೆಲಿಸಿನಿ, ಅಂದರೆ ಸೀಳಿದ ಚೌಕಟ್ಟುಗಳನ್ನು ಮತ್ತೆ ಮೂಲದಂತೆ ಜೋಡಿಸುವ ಕೆಲಸ, ಮಾಡಿದರೆ ಹೊರಬರುತ್ತದೆ. ಸೀಳಿನ ಬದಲು ಎರಡು ಚಿತ್ರ ಒಂದರ ಮೇಲೊಂದು ಮಸುಕಾಗಿ ಕೂತಿದ್ದರೆ ಯಾರೋ ಕಲಸಿಬಿಟ್ಟಿದ್ದಾರೆ. ಅದನ್ನು ಬಿಡಿಸುವುದು ಬಹಳ ಕಷ್ಟ.

ಇನ್ನು ಹೊಸ ರೂಪಗಳು. 1985ರ ಥಂಡರ್‌ಕ್ಯಾಟ್ಸ್ ಅದ್ಭುತ ಎನ್ನುವವರ ನೆನಪಲ್ಲಿ ಉಳಿದಿರುವುದು ಹೆಚ್ಚಾಗಿ ಅದರ ಶೀರ್ಷಿಕೆ ದೃಶ್ಯ. ಕಂತುಗಳ ಒಳಗಿನ ಚಲನೆ ಆ ಮಟ್ಟದ್ದಲ್ಲ. 2011ರಲ್ಲಿ ಜಪಾನಿನ ಸ್ಟುಡಿಯೊ 4°ಸಿ ಮಾಡಿದ 26 ಕಂತುಗಳು ಕಾದಾಟದಲ್ಲಿ ಮೂಲವನ್ನು ಮೀರಿಸಿದವು, ಅಷ್ಟಕ್ಕೇ ನಿಂತೂ ಹೋದವು. 1984ರ ವೋಲ್ಟ್ರಾನ್ ‘ಮೂಲ’ವೇ ಅಲ್ಲ: ಜಪಾನಿನ ಗೋಲಯನ್ (1981) ಮತ್ತು ಡೈರಗ್ಗರ್ ಎಂಬ ಎರಡು ಸರಣಿಗಳನ್ನು ಕತ್ತರಿಸಿ, ಸತ್ತವನೊಬ್ಬ ಆಸ್ಪತ್ರೆಯಲ್ಲಿದ್ದಾನೆಂದು ಮಾತು ಬದಲಿಸಿ ಹೊಲಿದದ್ದು. 2016ರದ್ದು ಅದನ್ನು ಕೆಡಿಸಿತು ಎಂದು ಕೊರಗುವವರು ಇದನ್ನೂ ಗಮನಿಸಲಿ. 1992ರ ಎಕ್ಸ್-ಮೆನ್‌ಗೆ ಚಿತ್ರ ಬಿಡಿಸಿದ್ದು ದಕ್ಷಿಣ ಕೊರಿಯಾದ ಅಕಾಮ್ ಸ್ಟುಡಿಯೊ, 2024ರ ಎಕ್ಸ್-ಮೆನ್ ’97ಕ್ಕೂ ಅದೇ ದೇಶದ ಸ್ಟುಡಿಯೊ ಮಿರ್. ಹೊಸಬರು ಚಪ್ಪಟೆ ಬಣ್ಣ, ದಪ್ಪ ನೆರಳನ್ನು ಹಾಗೇ ಉಳಿಸಿಕೊಂಡು ಹೊಡೆದಾಟಕ್ಕೆ ಮಾತ್ರ ಹೆಚ್ಚು ಚಿತ್ರ ಸುರಿದರು. ನಮ್ಮ ಮಟ್ಟಿಗೆ ಈವರೆಗಿನ ಜಾಣ ಹೊಸ ರೂಪ ಅದೇ.

ಕಾರ್ಟೂನ್ ನೆಟ್‌ವರ್ಕ್ ಕಾಲದ ಮಕ್ಕಳು ಕಾಯುತ್ತಿರುವ ಸ್ವ್ಯಾಟ್ ಕ್ಯಾಟ್ಸ್‌ನ ಹೊಸ ಸರಣಿಯನ್ನು 2022ರಲ್ಲಿ ಘೋಷಿಸಿದ್ದು ಪಕ್ಕದ ತಿರುವನಂತಪುರದ ಟೂನ್ಜ್ ಕಂಪನಿ. ಅದರ ನೆಪದಲ್ಲಿ 1993ರ ಕಂತುಗಳನ್ನೂ ಯಾರಾದರೂ ಮತ್ತೆ ತೋರಿಸಿದರೆ ಇಷ್ಟು ಮಾಡಲಿ: 4:3ರಲ್ಲೇ ತೋರಿಸಲಿ, ಮತ್ತು ಪ್ರತಿ ಫಿಲ್ಮಿನಿಂದ ಬಂದದ್ದೋ ಟೇಪಿನಿಂದಲೋ, ಚೌಕಟ್ಟಿನ ವೇಗವೆಷ್ಟು ಎಂಬುದನ್ನು ಹೆಸರಿನ ಕೆಳಗೆ ಒಂದು ಸಾಲಿನಲ್ಲಿ ಬರೆಯಲಿ. ಬಿಸ್ಕತ್ ಪೊಟ್ಟಣದ ಮೇಲೂ ಒಳಗೇನಿದೆ ಎಂದು ಅಚ್ಚು ಹಾಕುತ್ತಾರಲ್ಲ.

– ಅನಿಮೇಷನ್ ಸಂಕಲನ ಮತ್ತು ಮರುಸಂಸ್ಕರಣೆಯ ಕೆಲಸಗಾರರು, ಬೆಂಗಳೂರು