ವಿದೇಶಿ ಭಾಷೆಯ ಕಲಿಕೆ ಕನ್ನಡದ ಮೂಲಕ ಆಗಲಿ

ಮಾನ್ಯ ಸಂಪಾದಕರೇ,

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಪಾಲಕರು ಹುಬ್ಬಳ್ಳಿ-ಧಾರವಾಡದಲ್ಲೂ ಇದ್ದಾರೆ. ಜರ್ಮನ್ನೋ ಜಪಾನಿಯೋ ಕಲಿಸಬೇಕೆಂದಾಗ ಅವರು ಮೊದಲು ಕೇಳುವುದು ‘ಯಾವ ಪುಸ್ತಕ, ಯಾವ ಆ್ಯಪ್?’ ಎಂದು. ಅದಕ್ಕೂ ಮೊದಲು ‘ಯಾವ ಭಾಷೆಯ ಮೂಲಕ?’ ಎಂದು ಕೇಳಿಕೊಳ್ಳಬೇಕು. ಸಿಗುವ ಪಠ್ಯಗಳಲ್ಲಿ ಬಹುಪಾಲು ಇಂಗ್ಲಿಷ್‌ನಲ್ಲೇ ವಿವರಣೆ. ಮನೆಮಾತು ಕನ್ನಡವಾದ ಮಗುವಿಗೆ ಇದು ಸುತ್ತುದಾರಿ, ಎಷ್ಟೋ ಕಡೆ ತಪ್ಪುದಾರಿ.

‘ನನಗೆ ಚಳಿ’ ಎನ್ನಲು ಜರ್ಮನ್ನರು ‘ಮಿರ್ ಇಸ್ಟ್ ಕಾಲ್ಟ್’ ಎನ್ನುತ್ತಾರೆ. ‘ಮಿರ್’ ಎಂದರೆ ‘ನನಗೆ’, ನಮ್ಮ ಚತುರ್ಥಿ ವಿಭಕ್ತಿಯ ಹಾಗೆಯೇ. ‘ಐ ಆ್ಯಮ್ ಕೋಲ್ಡ್’ ಹಿಡಿದು ಹೋದ ಮಗು ‘ಇಶ್ ಬಿನ್ ಕಾಲ್ಟ್’ ಎಂದುಬಿಡುತ್ತದೆ. ಅದು ಕೇಳಿದವರಿಗೆ ‘ನಾನು ಕಲ್ಲುಮನಸ್ಸಿನವ’ ಎಂದಂತಾಗುತ್ತದೆ. ಕನ್ನಡದಿಂದ ನೇರವಾಗಿ ಹೋದವರು ಇಲ್ಲಿ ಎಡವುವುದಿಲ್ಲ.

ಜಪಾನಿಯಲ್ಲಂತೂ ವಾಕ್ಯದ ಕಟ್ಟೇ ನಮ್ಮದು, ಕ್ರಿಯಾಪದ ಕೊನೆಗೆ. ‘ತಬೆತೆ’ ಎಂದರೆ ತಿಂದು, ‘ಮಿರು’ ಎಂದರೆ ನೋಡುವುದು; ‘ತಬೆತೆ ಮಿರು’ ಎಂದರೆ ನಾವು ದಿನಾ ಹೇಳುವ ‘ತಿಂದು ನೋಡುವುದು’. ಇಂಗ್ಲಿಷ್‌ನಲ್ಲಿ ಇದಕ್ಕೆ ಬೇರೆಯೇ ವ್ಯಾಕರಣ ಪಾಠ ಬೇಕು, ನಮ್ಮ ಮಗುವಿಗೆ ಒಂದು ಸಾಲು ಸಾಕು. ‘ಕಿತೆ’ ಎಂದರೆ ಬಾ, ‘ಕಿತ್ತೆ’ ಎಂದರೆ ಅಂಚೆಚೀಟಿ. ‘ಒಬಸಾನ್’ ಚಿಕ್ಕಮ್ಮ, ‘ಒಬಾಸಾನ್’ ಅಜ್ಜಿ. ಒತ್ತಕ್ಷರ, ದೀರ್ಘಗಳಿಗೆ ಪಳಗಿದ ಕಿವಿ ಈ ಭೇದವನ್ನು ಬೇಗ ಹಿಡಿಯುತ್ತದೆ. ರೋಮನ್ ಅಕ್ಷರದಲ್ಲಿ ಬರೆಸಿದಾಗ ಮಾತ್ರ ಗೊಂದಲ. ಆದ್ದರಿಂದ ಮೊದಲೆರಡು ವಾರ ಕನ್ನಡ ಲಿಪಿ ಬಳಸಿ, ಆಮೇಲೆ ನೇರ ಜಪಾನಿಯ ಮೊದಲ ಲಿಪಿಯಾದ ಹಿರಗಾನಕ್ಕೆ ಹೋಗುವುದು ಒಳ್ಳೆಯದು. ಅದರ ಮೂಲ ಅಕ್ಷರ 46. ದಿನಕ್ಕೆ ಐದರಂತೆ 10 ದಿನದ ಕೆಲಸ.

ಕನ್ನಡ ಕೈಕೊಡುವ ಕಡೆಯೂ ಉಂಟು. ನಾವು ಅರ್ಥ ನೋಡಿ ಲಿಂಗ ಹೇಳುತ್ತೇವೆ; ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ನಪುಂಸಕ. ಮರಾಠಿ ಮನೆಮಾತಿನ ಧಾರವಾಡದ ಮಕ್ಕಳು ‘ತೋ, ತೀ, ತೇ’ ಬಲ್ಲವರಾದ್ದರಿಂದ ಅವರಿಗೆ ಇದು ಹೊಸತಲ್ಲ. ಉಳಿದವರಿಗೆ ನಾಮಪದವನ್ನು ಒಂಟಿಯಾಗಿ ಕಲಿಸಲೇಬಾರದು. ಲಿಂಗ ತೋರಿಸುವ ‘ಡೆರ್’, ‘ಡೀ’, ‘ಡಾಸ್’ ಸೇರಿಸಿಯೇ, ಮೂರು ಬಣ್ಣದ ಕಾರ್ಡುಗಳಲ್ಲಿ ಬರೆಸಬೇಕು. ‘ಯು’ದಂತೆ ಕೇಳುವ ಒಂದು ಸ್ವರ ಜರ್ಮನ್, ಫ್ರೆಂಚ್ ಎರಡರಲ್ಲೂ ಇದೆ, ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ. ‘ಯು’ ಎಂದು ಬರೆದುಕೊಟ್ಟರೆ ಕೊನೆತನಕ ‘ಯು’ ಎಂದೇ ಉಳಿಯುತ್ತದೆ. ಮಗುವನ್ನು ಕನ್ನಡಿ ಮುಂದೆ ನಿಲ್ಲಿಸಿ ‘ಈ’ ಎನ್ನಿಸಿ, ನಾಲಿಗೆ ಅಲುಗದಂತೆ ತುಟಿಯನ್ನಷ್ಟೇ ‘ಊ’ ಎನ್ನುವಂತೆ ದುಂಡಗೆ ಮಾಡಿಸಿದರೆ ಆ ಸ್ವರ ತಾನಾಗಿ ಹೊರಡುತ್ತದೆ.

ಹತ್ತು ವರ್ಷದೊಳಗಿನವರಿಗೆ ವ್ಯಾಕರಣ ಪುಸ್ತಕ ಬೇಡವೇ ಬೇಡ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ, ಹೇಳಿದ್ದನ್ನು ಮೈಯಿಂದ ಮಾಡಿ ಕಲಿಯುವ ವಿಧಾನ ಮನೆಗೆ ಚೆನ್ನಾಗಿ ಒಗ್ಗುತ್ತದೆ. ‘ಏಳು’, ‘ಬಾಗಿಲು ತೆಗೆ’, ‘ತಾಟಿನಲ್ಲಿ ರೊಟ್ಟಿ ಇಡು’ ಹೀಗೆ ಕಲಿಯುವ ಭಾಷೆಯಲ್ಲಿ ಒಮ್ಮೆಗೆ ಮೂರೇ ಹೊಸ ಮಾತು. ಮೊದಲು ದೊಡ್ಡವರು ಮಾಡಿ ತೋರಿಸಬೇಕು, ಆಮೇಲೆ ಕೈಕಟ್ಟಿ ನಿಂತು ಹೇಳಬೇಕು. ತಿರುಗಿ ಹೇಳು ಎಂದು ಮಗುವನ್ನು ಕಾಡಬಾರದು. ಕೆಲವು ವಾರ ಅದು ಬರೀ ಕೇಳಿಸಿಕೊಂಡರೂ ಚಿಂತೆಯಿಲ್ಲ. ದಿನಾ ಅದೇ ಸರದಿಯಲ್ಲಿ ಹೇಳುವುದರಿಂದಲೇ ಈ ವಿಧಾನ ಕೆಡುವುದು, ಏಕೆಂದರೆ ಮಗು ಮಾತಿನ ಬದಲು ಸರದಿಯನ್ನೇ ಬಾಯಿಪಾಠ ಮಾಡಿಬಿಡುತ್ತದೆ. ಪಾಲಕರಿಗೆ ಆ ಭಾಷೆ ಬಾರದಿದ್ದರೆ, ಅದನ್ನು ಮನೆಮಾತಾಗಿ ಆಡುವವರ ಧ್ವನಿಯಲ್ಲಿ ಒಂದೊಂದು ವಾಕ್ಯವನ್ನೂ ಬೇರೆ ಬೇರೆ ಫೈಲಾಗಿ ಮೊಬೈಲ್‌ನಲ್ಲಿ ಇಟ್ಟುಕೊಂಡರೆ ಸರದಿ ಬದಲಿಸುವುದು ಸುಲಭ.

ಹನ್ನೆರಡು ದಾಟಿದವರಿಗೆ, ಒಂದು ಬದಿ ಪದ, ಇನ್ನೊಂದು ಬದಿ ಅರ್ಥ ಬರೆದ ಕಾರ್ಡುಗಳ ಐದು ಖಾನೆಯ ಡಬ್ಬಿ ಚೆನ್ನ. ಸರಿ ಹೇಳಿದ ಕಾರ್ಡ್ ಮುಂದಿನ ಖಾನೆಗೆ, ತಪ್ಪಿದ್ದು ಮತ್ತೆ ಮೊದಲನೆಯದಕ್ಕೆ. ಕೊನೆಯ ಖಾನೆಗಳನ್ನು ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ತೆಗೆದರೆ ಸಾಕು. ದಿನಕ್ಕೆ ಆರು ಹೊಸ ಕಾರ್ಡ್ ಮೀರಬಾರದು. ಉತ್ಸಾಹದಲ್ಲಿ ಇಪ್ಪತ್ತು ಹಾಕಿದರೆ ಮೂರನೇ ವಾರದ ಹೊತ್ತಿಗೆ ಮರು ಓದಿನ ರಾಶಿ ಬೆಳೆದು, ಮಗು ಡಬ್ಬಿ ಮುಟ್ಟುವುದನ್ನೇ ಬಿಡುತ್ತದೆ. ದಿನಕ್ಕೆ 20 ನಿಮಿಷ ಮಗುವನ್ನು ಓದಲು ಕೂಡಿಸಿ. ಭಾನುವಾರದ ಎರಡು ತಾಸು ಅದಕ್ಕೆ ಸಾಟಿಯಾಗದು.

ಪರೀಕ್ಷೆಯ ವಿಷಯದಲ್ಲಿ ಒಂದು ಮಾತು. ಜಪಾನಿ ಭಾಷಾ ಸಾಮರ್ಥ್ಯದ ಪರೀಕ್ಷೆಯಾದ ಜೆಎಲ್‌ಪಿಟಿಯಲ್ಲಿ ಮಾತಾಡುವ ಭಾಗವೇ ಇಲ್ಲ. ಜರ್ಮನ್ ಕಲಿಸುವ ಗೋಥೆ ಸಂಸ್ಥೆಯ ಎ1, ಅಂದರೆ ಆರಂಭದ ಹಂತದ ಪರೀಕ್ಷೆಯಲ್ಲಿ ಇದೆ. ಜೆಎಲ್‌ಪಿಟಿಯನ್ನಷ್ಟೇ ಗುರಿಯಾಗಿಟ್ಟರೆ ಮಾತಿನ ಅಭ್ಯಾಸವನ್ನು ಮನೆಯವರೇ ಬೇರೆಯಾಗಿ ಮಾಡಿಸಬೇಕು.

ಹುಬ್ಬಳ್ಳಿ, ಧಾರವಾಡ, ಗದಗಿನಲ್ಲಿ ಈ ಭಾಷೆಗಳನ್ನು ಬಲ್ಲ ಶಿಕ್ಷಕರಲ್ಲಿ ವಿನಂತಿ: ದಯವಿಟ್ಟು ಕನ್ನಡದಲ್ಲಿ ವಿವರಿಸಿ, ವಿಭಕ್ತಿಗೆ ವಿಭಕ್ತಿ ಜೋಡಿಸಿ ತೋರಿಸಿ. ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ವಾರಕ್ಕೆ ಇಂಥ ಐದು ಜೋಡಿ ವಾಕ್ಯಗಳಿಗೆ ಜಾಗ ಕೊಟ್ಟರೆ, ಇಂಗ್ಲಿಷ್ ಬಾರದ ತಾಯಂದಿರೂ ಮಕ್ಕಳ ಜೊತೆ ಕೂತು ಕಲಿಸಬಲ್ಲರು.

– ವಿದೇಶಿ ಭಾಷಾ ಶಿಕ್ಷಕಿ, ಧಾರವಾಡ