50 ಭಾನುವಾರ ನಮ್ಮ ಜೊತೆ ನಡೆದವರಿಗೆ

ಮೊನ್ನೆ ಭಾನುವಾರ ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನಕ್ಕೆ ನಮ್ಮ 50ನೇ ನಡಿಗೆ ಆಯಿತು. ಮೊದಲ ವಾರ ನಾನು, ನನ್ನ ಹೆಂಡತಿ, ಪಕ್ಕದ ಮನೆ ಹುಡುಗ, ಮೂರೇ ಜನ. ಮೊನ್ನೆ ಬಂದವರು ನಲವತ್ತಕ್ಕೂ ಜಾಸ್ತಿ. ಖುಷಿ ತಡೆಯಲಾಗದೆ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಬೆಂಗಳೂರು–ಮೈಸೂರು ರಸ್ತೆಯಿಂದ ಕೂಗಳತೆ ದೂರ, ಪಕ್ಕದಲ್ಲೇ ಕಾವೇರಿ. ಆದರೂ ಊರಿನವರೇ ಎಷ್ಟೋ ಜನ ಒಳಗೆ ಕಾಲಿಟ್ಟಿರಲಿಲ್ಲ. ಸುಮಾರು 300 ಗೋರಿಗಳಿವೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿ ಸೈನ್ಯ ಇಲ್ಲೇ ಬೀಡುಬಿಟ್ಟಿತಲ್ವಾ, ಆ ಅಧಿಕಾರಿಗಳು, ಅವರ ಹೆಂಡತಿ ಮಕ್ಕಳು ಇಲ್ಲಿ ಮಲಗಿದ್ದಾರೆ. ಡಿ ಮ್ಯೂರಾನ್ ಎಂಬುವರು ಕಟ್ಟಿದ ಬಾಡಿಗೆ ಪಡೆಯ ಸ್ವಿಸ್ ಜನರೂ ಇದ್ದಾರೆ. ಆ ಪಡೆ ಮೊದಲು ಡಚ್ಚರಿಗೆ ದುಡಿಯುತ್ತಿತ್ತು, 1795ರಲ್ಲಿ ಇಂಗ್ಲಿಷರ ಕಡೆ ಬಂತು. ಯುದ್ಧ ಮುಗಿದರೂ ಸೊಳ್ಳೆ, ಜ್ವರದ ಕಾಟ ಮುಗಿಯಲಿಲ್ಲ. ಕೊನೆಗೆ 1809ರಲ್ಲಿ ಸೈನ್ಯ ಬೆಂಗಳೂರಿಗೆ ಹೋಯಿತು. ಅಲ್ಲಿನ ದಂಡು ಪ್ರದೇಶ ಶುರುವಾದದ್ದು ಹಾಗೆ.

‘ನಮ್ಮೂರನ್ನ ಸೂರೆ ಹೊಡೆದವರ ಗೋರಿ ನಿಮಗ್ಯಾಕೆ?’ ಎಂದು ಕೆಲವರು ಕೇಳಿದ್ದರು. ನೋವಾಯಿತು. ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ಪಶ್ಚಿಮವಾಹಿನಿಯಲ್ಲಿ ಅಪರಕರ್ಮ ಮಾಡಿಸುವ ಹಿರಿಯರೊಬ್ಬರು ಅಲ್ಲೇ ನಿಂತಿದ್ದರು. ‘ಅಸ್ಥಿ ಬಿಡೋಕೆ ಎಲ್ಲೆಲ್ಲಿಂದಲೋ ಇಲ್ಲಿಗೆ ಬರ್ತಾರಪ್ಪ. ಇವರ ಮನೆಯವರಿಗೆ ಬರೋಕಾಗಲಿಲ್ಲ, ಅಷ್ಟೇ’ ಅಂದರು. ಸ್ವಾಮಿ, ಆವತ್ತು ನೀವು ಆ ಮಾತು ಆಡದಿದ್ದರೆ ನಾನು ಎರಡನೇ ವಾರಕ್ಕೇ ಸುಮ್ನಾಗುತ್ತಿದ್ದೆ. ನಿಮಗೆ ಕೈಮುಗಿಯುತ್ತೇನೆ.

2008ರ ಹೊತ್ತಿಗೆ ಡಿ ಮ್ಯೂರಾನ್ ವಂಶದವರು ಮುಂದೆ ನಿಂತು ಈ ಜಾಗವನ್ನು ಚೆನ್ನಾಗಿ ಸರಿಮಾಡಿಸಿದರು. ಅವರ ಋಣ ದೊಡ್ಡದು. ಸವೆದ ಅಕ್ಷರ ಓದಲು ನಾವು ಕಲ್ಲಿಗೆ ಸೀಮೆಸುಣ್ಣ ಉಜ್ಜಲು ಹೊರಟಿದ್ದೆವು. ಅದರಿಂದ ಕಲ್ಲು ಹಾಳಾಗುತ್ತೆ, ಪಕ್ಕದಿಂದ ಟಾರ್ಚ್ ಬಿಡಿ, ನೆರಳಲ್ಲಿ ಅಕ್ಷರ ಎದ್ದು ಕಾಣುತ್ತೆ ಎಂದು ತಿಳಿಸಿಕೊಟ್ಟ ಮೇಷ್ಟ್ರಿಗೆ ನಮಸ್ಕಾರ. ಆ ಟಾರ್ಚ್ ಹಿಡಿದು ಒಂದೊಂದೇ ಹೆಸರು ಕೂಡಿಸಿ ಓದಿದ ಮಕ್ಕಳಿಗೆ ತುಂಬಾ ಪ್ರೀತಿ. ಗುಂಬಜ್, ನಿಮಿಷಾಂಬ ನೋಡಲು ಬಂದವರನ್ನು ‘ಇದೊಂದು ನೋಡ್ಕೊಂಡು ಹೋಗಿ ಸಾರ್’ ಎಂದು ಕರೆತಂದ ಆಟೋ ಅಣ್ಣಂದಿರೇ, ನಿಮ್ಮಿಂದಲೇ ಜನ ಬಂದದ್ದು.

ಹೂವು ಮಾರುವ ಅಕ್ಕ, ನಿಮ್ಮನ್ನು ಮರೆತಿಲ್ಲ. ಮಗುವಿನ ಗೋರಿ ಯಾವುದು ಎಂದು ಕೇಳಿ ಒಂದು ಮೊಳ ಮಲ್ಲಿಗೆ ಇಟ್ಟಿರಿ. ದುಡ್ಡು ಕೊಡಲು ಹೋದರೆ ಬೈದಿರಿ. ಈ ಭಾನುವಾರವೂ ಬೆಳಗ್ಗೆ 7ಕ್ಕೆ ಗೇಟಿನ ಹತ್ತಿರ ಇರುತ್ತೇವೆ, ಬನ್ನಿ ಅಕ್ಕ.