ಸ್ಕ್ಯಾನ್ ರಿಪೋರ್ಟಿಗೆ ಕನ್ನಡದ ಎರಡು ಸಾಲು ಸೇರಲಿ

ಮಾನ್ಯ ಸಂಪಾದಕರೇ,

ನಾನು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ನಮ್ಮೂರಲ್ಲಿ ಸೀನು ಬಂದರೆ ಯಾರೂ ಕಾರಣ ಕೇಳುವುದಿಲ್ಲ. ಘಾಟು, ಅಷ್ಟೇ. ಹಾಗಾಗಿ ಎಡಗಡೆ ಮೂಗೊಂದೇ ಕಟ್ಟಿ, ಕೆನ್ನೆ ಭಾರವಾಗಿ, ಗಬ್ಬು ವಾಸನೆ ಶುರುವಾದರೂ ಎರಡು ತಿಂಗಳು ಸುಮ್ನೆ ಇದ್ದೆ. ಕೊನೆಗೆ ಹುಬ್ಬಳ್ಳಿಗೆ ಹೋಗಿ ಡಾಕ್ಟರಿಗೆ ತೋರಿಸಿ, ಅವರು ಹೇಳಿದಂತೆ ಸಿ.ಟಿ. ಸ್ಕ್ಯಾನ್ ಮಾಡಿಸಿದೆ.

ರಿಪೋರ್ಟ್ ಅವತ್ತೇ ಸಂಜೆ ಕೈಗೆ ಬಂತು. ಡಾಕ್ಟರ್ ಮತ್ತೆ ಸಿಗುವುದು ಎರಡು ದಿನ ಬಿಟ್ಟು. ಆ ಎರಡು ದಿನಕ್ಕಾಗಿಯೇ ಈ ಪತ್ರ. ಇಂಗ್ಲಿಷಿನಲ್ಲಿ ‘ಹಾಲರ್ ಸೆಲ್’, ‘ಕಾಂಕಾ ಬುಲೋಸಾ’, ‘ಕೆರೋಸ್ ಟೈಪ್ 2’ ಅಂತ ಇತ್ತು. ರೈಲಿನಲ್ಲಿ ಪಕ್ಕ ಕೂತವರು ‘ಸೆಲ್’ ನೋಡಿ ಲೊಚಗುಟ್ಟಿದರು. ‘2’ ಅಂದರೆ ಎರಡನೇ ಸ್ಟೇಜ್ ಇರಬೇಕು ಅಂದುಕೊಂಡೆವು. ಮನೆಯವಳು ರಾತ್ರಿ ಊಟ ಮಾಡಲಿಲ್ಲ. ಕ್ಯಾನ್ಸರ್ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಡಾಕ್ಟರ್ ಫಿಲ್ಮ್ ಹಿಡಿದು ತೋರಿಸಿದರು. ಮೂಗಿನ ಸುತ್ತ ಗಾಳಿ ತುಂಬಿದ ಟೊಳ್ಳುಗಳು ನಾಲ್ಕು ಜೋಡಿ: ಕೆನ್ನೆಯಲ್ಲಿ, ಹಣೆಯಲ್ಲಿ, ಕಣ್ಣುಗಳ ನಡುವೆ, ತೀರಾ ಹಿಂದೆ ತಲೆಬುರುಡೆಯ ತಳದಲ್ಲಿ. ಕಣ್ಣುಗಳ ನಡುವಿನದು ಜೇನುಗೂಡಿನ ಹಾಗೆ ಸಣ್ಣ ಸಣ್ಣ ಗೂಡು. ಅದರಲ್ಲೊಂದು ಕಣ್ಣಿನ ಗುಳಿಯ ಕೆಳಗೆ ಸರಿದು ಬೆಳೆದಿದ್ದರೆ ಅದೇ ಹಾಲರ್ ಸೆಲ್. ದೊಡ್ಡದಿದ್ದರೆ ಕೆನ್ನೆಯ ಟೊಳ್ಳಿನ ದಾರಿ ಕಿರಿದಾಗಬಹುದು, ಇಲ್ಲದಿದ್ದರೆ ಅದರ ಪಾಡಿಗೆ ಅದು. ಕಾಂಕಾ ಬುಲೋಸಾ ಅಂದರೆ ಮೂಗಿನೊಳಗೆ ಸುರುಳಿಯಂತೆ ಇಳಿಬಿದ್ದ ನಡುವಿನ ಮೂಳೆಯೊಳಗೂ ಗಾಳಿ ಇರುವುದು. ಸಪೂರ ಕಡ್ಡಿ ಮೆಣಸಿನಕಾಯಿ ಇರಬೇಕಾದ ಕಡೆ ಉಬ್ಬಿದ ಡಬ್ಬಿ ಮೆಣಸಿನಕಾಯಿ! ಬ್ಯಾಡಗಿಯವರಿಗೆ ಇಷ್ಟು ಸಾಕಲ್ವಾ? ಹಣೆಯ ಟೊಳ್ಳು ಕೆಲವರಿಗೆ ಇರುವುದೇ ಇಲ್ಲವಂತೆ.

ನನ್ನ ಕಾಯಿಲೆ ಇದ್ದದ್ದು ಹಲ್ಲಿನಲ್ಲಿ. ಮೇಲಿನ ದವಡೆ ಹಲ್ಲಿನ ಬೇರುಗಳು ಕೆನ್ನೆಯ ಟೊಳ್ಳಿನ ನೆಲಕ್ಕೆ ತೀರಾ ಹತ್ತಿರ. ಒಂದು ಬೇರಿನ ತುದಿಯ ಕೀವು ಮೇಲೇರಿತ್ತು. ಆ ಟೊಳ್ಳಿನ ಬಾಗಿಲು ತಳದಲ್ಲಿಲ್ಲ, ಮೇಲಿದೆ. ಗೋದಾಮಿಗೆ ಅಟ್ಟದಲ್ಲಿ ಬಾಗಿಲಿಟ್ಟ ಹಾಗೆ. ಸೇರಿದ್ದು ತಾನಾಗಿ ಸೋರಿ ಹೋಗುವುದಿಲ್ಲ. ಒಂದೇ ಕಡೆ ಕಟ್ಟಿ ವಾಸನೆ ಬರುತ್ತಿದ್ದರೆ ಹಲ್ಲನ್ನೂ ತೋರಿಸಿ ಅಂತ ಅಂಗಡಿಗೆ ಬಂದವರಿಗೆಲ್ಲ ಈಗ ಹೇಳುತ್ತಿದ್ದೇನೆ.

ಆ ಪದಗಳನ್ನು ರಿಪೋರ್ಟಿನಿಂದ ತೆಗೆಯಿರಿ ಅನ್ನುತ್ತಿಲ್ಲ. ಆಪರೇಷನ್ ಮಾಡುವವರಿಗೆ ಅವು ಬೇಕೇ ಬೇಕು. ‘ಓನೋಡಿ ಸೆಲ್’ ಅನ್ನುವ ಗೂಡು ಕಣ್ಣಿನ ನರಕ್ಕೆ ಒತ್ತಿಕೊಂಡಿರುತ್ತದೆ. ಗೊತ್ತಿಲ್ಲದೆ ಕೈ ಹಾಕಿದರೆ ದೃಷ್ಟಿಗೇ ಕುತ್ತು. ಕೆರೋಸ್ ಅನ್ನುವವರು 1962ರಲ್ಲಿ ಮಾಡಿದ ಲೆಕ್ಕ ಮೂಗಿನ ಮಾಡಿನ, ಅಂದರೆ ಚಾವಣಿಯ, ತಗ್ಗು ಎಷ್ಟು ಆಳ ಅನ್ನುವುದರದು. 1ರಿಂದ 3 ಮಿ.ಮೀ. ಒಂದನೆಯದು, 4ರಿಂದ 7 ಎರಡನೆಯದು, 8ರಿಂದ 16 ಮೂರನೆಯದು. ಮಾಡಿನ ಮೇಲೆ ಮೆದುಳು. ತಗ್ಗು ಜಾಸ್ತಿಯಾದಷ್ಟೂ ಸರ್ಜನ್ ಹುಷಾರಾಗಿರಬೇಕು. ಸ್ಟೇಜೂ ಇಲ್ಲ, ಗೀಜೂ ಇಲ್ಲ.

ಸ್ಕ್ಯಾನ್ ಸೆಂಟರ್‌ನವರು ಇಂಥ ಪದ ಬಂದಾಗ ಕೆಳಗೆ ಕನ್ನಡದಲ್ಲಿ ಎರಡು ಸಾಲು ಹಾಕಲಿ: ‘ಇದು ಮೂಳೆ ಬೆಳೆದ ರೀತಿಯಲ್ಲಿನ ವ್ಯತ್ಯಾಸ. ಇದೇ ರೋಗವಲ್ಲ, ವೈದ್ಯರನ್ನು ಕೇಳಿ.’ ಟೈಪ್ ಮಾಡಲು ಪುರುಸೊತ್ತಿಲ್ಲವೇ? ರಬ್ಬರ್ ಸ್ಟಾಂಪ್ ಮಾಡಿಸಿದರೂ ನಡೆಯುತ್ತದೆ. ನಮ್ಮ ಅಂಗಡಿಯಲ್ಲೇ ಅಂಥವು ಹನ್ನೊಂದಿವೆ.

— ಒಬ್ಬ ಗುಮಾಸ್ತ, ಬ್ಯಾಡಗಿ, ಹಾವೇರಿ ಜಿಲ್ಲೆ